ಗಾರ್ಡ್ನರ್ 6ಎಲ್‌ಎಕ್ಸ್‌ಬಿ: ಸ್ಟಾರ್ಟ್ ಆಗಿ ಆಫ್ ಆಗುತ್ತಿದ್ದ ಎಂಜಿನ್ ಸರಿಹೋದದ್ದು ಹೀಗೆ

ಹಳೆಯ ಬ್ರಿಟಿಷ್ ಇಆರ್‌ಎಫ್ ಲಾರಿ, ಆರು ಸಿಲಿಂಡರಿನ, 10.45 ಲೀಟರಿನ ಗಾರ್ಡ್ನರ್ ಎಂಜಿನ್. ಸ್ಟಾರ್ಟ್ ಆಗುತ್ತಿತ್ತು, ಸ್ವಲ್ಪ ಹೊತ್ತಿಗೆ ಉಸಿರುಕಟ್ಟಿದಂತೆ ನಿಲ್ಲುತ್ತಿತ್ತು. ಹೊರಗೆ ಒಂದು ಹನಿ ಡೀಸೆಲ್ ಸೋರಿಕೆಯೂ ಇಲ್ಲ. ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗಿನ (ಡೀಸೆಲ್ ಎಳೆದುಕೊಳ್ಳುವ ಪಂಪ್) ಪೈಪಿನಲ್ಲಿ ಎಳೆತ ಇರುವುದರಿಂದ, ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ.

ಲಿಫ್ಟ್ ಪಂಪ್ ಮತ್ತು ಫಿಲ್ಟರ್ ನಡುವೆ ಪಾರದರ್ಶಕ ಪೈಪ್ ಹಾಕಿದೆ: ಸಾಲುಸಾಲು ಗುಳ್ಳೆ. ಎತ್ತರದಲ್ಲಿಟ್ಟ ಕ್ಯಾನಿನಿಂದ ಪಂಪಿಗೆ ನೇರವಾಗಿ ಡೀಸೆಲ್ ಕೊಟ್ಟಾಗ ಗುಳ್ಳೆ ನಿಂತವು. ಅಂದರೆ ಪಂಪ್ ಚೆನ್ನಾಗಿದೆ, ದೋಷ ಟ್ಯಾಂಕಿನ ಕಡೆ. ಚಾಸಿಯ ಬಳಿ ರಬ್ಬರ್ ಹೋಸ್ ಗಟ್ಟಿಯಾಗಿ ಕ್ಲಿಪ್ಪಿನಡಿ ಸೀಳಿತ್ತು. ಕ್ಲಿಪ್ ಇನ್ನಷ್ಟು ಬಿಗಿದರೆ ಸೀಳು ಬೆಳೆಯುತ್ತದಷ್ಟೆ, ಹೋಸ್ ಬದಲಿಸಲೇಬೇಕು. ತಾಮ್ರದ ವಾಷರ್‌ಗಳನ್ನೂ ಹೊಸದು ಹಾಕಿದೆ. ಹೊಸದು ಸಿಗದಿದ್ದರೆ ಹಳೆಯದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ.

ಗಾಳಿ ತೆಗೆಯುವುದು ಫಿಲ್ಟರಿನಿಂದ ಶುರು, ನಂತರ ಸಿಲಿಂಡರುಗಳಿಗೆ ಡೀಸೆಲ್ ಒತ್ತುವ ಇಂಜೆಕ್ಷನ್ ಪಂಪ್. ಕೊನೆಗೆ ಪಂಪಿನ ಮೇಲೆ ಪ್ರತಿ ಸಿಲಿಂಡರಿಗೂ ಇರುವ ಕೈ ಲಿವರ್ ಒತ್ತಬೇಕು. ಗಾರ್ಡ್ನರ್‌ನ ಈ ಏರ್ಪಾಡು ಅದ್ಭುತ: ಗಾಳಿ ಪೂರ್ತಿ ಹೋದಾಗ ಲಿವರ್ ಗಟ್ಟಿಯಾಗಿ, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕಿರ್ರೆನ್ನುತ್ತದೆ. ಆರೂ ಕಿರ್ರೆಂದ ಮೇಲೆಯೇ ಸ್ಟಾರ್ಟರ್ ಒತ್ತಿ.