ಕನ್ನಡ ಹೆಸರಿನ ಫೋಲ್ಡರ್, ತೆರೆಯದ ಸಾಫ್ಟ್‌ವೇರ್
ಅಮ್ಮನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಖಾತೆಯ ಹೆಸರನ್ನು ನಾನೇ ಕನ್ನಡದಲ್ಲಿ 'ಸರೋಜಾ' ಎಂದು ಹಾಕಿದ್ದೆ. ಅವರ ಫೈಲುಗಳಿರುವ ಫೋಲ್ಡರಿಗೂ ವಿಂಡೋಸ್ ಅದೇ ಹೆಸರಿಟ್ಟಿತ್ತು. ಅವರ ಹಳೆಯ ಲೆಕ್ಕದ ಸಾಫ್ಟ್‌ವೇರ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಎರರ್ ಸಂದೇಶದಲ್ಲಿ ಹೆಸರಿನ ಜಾಗದಲ್ಲಿ '?????' ಇತ್ತು. ಸ, ರ, ಓಕಾರ, ಜ, ದೀರ್ಘ: ಐದು ಸಂಕೇತ, ಐದು ಪ್ರಶ್ನೆ ಚಿಹ್ನೆ. ವಿಂಡೋಸ್‌ನಲ್ಲಿ ಕನ್ನಡ ಇರುವುದು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮಾತ್ರ, ಹಳೆಯ ಪ್ರೋಗ್ರಾಮ್‌ಗಳು ಬಳಸುವ ಆನ್ಸಿ ಕೋಡ್ ಪೇಜ್‌ಗಳಲ್ಲಿ (ಕೆಲವೇ ಭಾಷೆಗಳ ಅಕ್ಷರಪಟ್ಟಿಗಳಲ್ಲಿ) ಇಲ್ಲ. ಹಾಗಾಗಿ ಅಂಥ ಪ್ರೋಗ್ರಾಮ್‌ಗೆ ಫೋಲ್ಡರ್ ಸಿಗುವುದೇ ಇಲ್ಲ.

ಸುಮ್ನೆ ಖಾತೆಯ ಹೆಸರು ಬದಲಿಸಿದರೆ ಸಾಲದು, ಫೋಲ್ಡರ್ ಹಳೆಯದೇ ಉಳಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಲೋಕಲ್ ಖಾತೆ (ಆ ಕಂಪ್ಯೂಟರಿನಲ್ಲಿ ಮಾತ್ರ ಇರುವ ಖಾತೆ) ತೆರೆಯಿರಿ. ಒಮ್ಮೆ ಲಾಗಿನ್ ಆಗಿ. ಆಗಲೇ ಫೋಲ್ಡರ್ ಹುಟ್ಟುವುದು. ಆಮೇಲೆ ಫೈಲುಗಳನ್ನು ಅಲ್ಲಿಗೆ ಕಾಪಿ ಮಾಡಿ.

ಕೊನೆಗೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈ ಹೊಸ ಖಾತೆಯ ಹೆಸರನ್ನು ಕನ್ನಡಕ್ಕೆ ಬದಲಿಸಿ. ಫೋಲ್ಡರ್ ಇಂಗ್ಲಿಷಿನಲ್ಲೇ ಇರುತ್ತದೆ, ಪರದೆ ಮೇಲೆ ಅಮ್ಮನಿಗೆ 'ಸರೋಜಾ' ಕಾಣುತ್ತದೆ.