ಜಂಟಿ ಪಹಣಿಯಿಂದ ಹೊರಗೆ ಬಂದ ಕಥೆ: ನನ್ನ ಅನುಭವ

2017ರಲ್ಲಿ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನನ್ನ ಪಹಣಿ (ಜಮೀನಿನ ಹಕ್ಕು, ವಿಸ್ತೀರ್ಣ ತೋರಿಸುವ ಸರ್ಕಾರಿ ದಾಖಲೆ) ನೋಡಿ ವಾಪಸ್ ಕೊಟ್ಟರು. ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ನಾಲ್ಕು ಹೆಸರು, ಅಂದರೆ ಜಂಟಿ ಪಹಣಿ. ಅದರಲ್ಲಿ ಎರಡು ಸತ್ತವರದು.

ನಮ್ಮದು ತಿಪಟೂರು ಕಡೆ. ಐದು ಎಕರೆ ಚಿಲ್ಲರೆಯ ಸರ್ವೆ ನಂಬರಿನಲ್ಲಿ ನನ್ನ ಪಾಲು ಎರಡು ಎಕರೆಗೆ ಸ್ವಲ್ಪ ಕಮ್ಮಿ. ಎಲ್ಲರ ಒಪ್ಪಿಗೆ ಪತ್ರ ಕೊಟ್ಟರೆ ಬೆಳೆಸಾಲವೇನೋ ಸಿಗುತ್ತಿತ್ತು. ಬೋರು, ಪೈಪ್‌ಲೈನಿಗೆ ಸಾಲ ಬೇಕು ಅಂದರೆ ಜಮೀನು ಅಡ ಇಡಬೇಕು. ಒಡೆಯದ ಜಮೀನಲ್ಲಿ ಯಾವ ಮೂಲೆ ಅಡ ಇಡೋದು?

ಕೈಸಾಲ ಮಾಡಿದೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಬೋರು ಫೇಲಾಯಿತು. ಲಕ್ಷದ ಮೇಲೆ ಮಣ್ಣುಪಾಲು. ಆಮೇಲೆ ಅಳತೆ ಆದಾಗ ಆ ಜಾಗ ದೊಡ್ಡಪ್ಪನ ಮಗನ ಪಾಲಿಗೆ ಹೋಯಿತು!

ಪೋಡಿ, ಅಂದರೆ ಅಳತೆ ಮಾಡಿಸಿ ಪಾಲು ಬೇರೆ ಮಾಡಿಸ್ತೀನಿ ಅಂದಾಗ ಊರ ಹೋಟೆಲಿನಲ್ಲಿ ನಕ್ಕರು. ‘ಚಪ್ಪಲಿ ಸವೆಯುತ್ತೆ ಅಷ್ಟೇ’ ಅಂದರು. ಮೊದಲನೇ ಸಲ ಹಾಗೇ ಆಯಿತು. ಬಾಯಿಮಾತಿನಲ್ಲಿ ಒಟ್ಟು ವಿಸ್ತೀರ್ಣವನ್ನೇ ಹಂಚಿಕೊಂಡಿದ್ದೆವು. ಪಹಣಿಯ 3ನೇ ಕಾಲಂನಲ್ಲಿ 9 ಗುಂಟೆ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದಿದ್ದನ್ನು ಯಾರೂ ನೋಡಿರಲಿಲ್ಲ. ಆ 9 ಗುಂಟೆ ಯಾರ ಲೆಕ್ಕಕ್ಕೆ ಅಂತ ಹೊಲದಲ್ಲೇ ಜಗಳ. ಸರ್ವೆಯರ್ ಟೇಪು ಸುತ್ತಿಕೊಂಡು ಎದ್ದು ಹೋದರು.

ಎರಡನೇ ಸಲ ಮೊದಲು ಪೌತಿ ಖಾತೆ ಮಾಡಿಸಿದೆ, ಅಂದರೆ ಸತ್ತವರ ಹೆಸರು ತೆಗೆಸಿ ವಾರಸುದಾರರ ಹೆಸರು ಸೇರಿಸಿದೆ. ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಬರೆಸೋಣ ಅಂತ ಒಬ್ಬರು ಹೇಳಿದರು. ಬೇಡವೇ ಬೇಡ ಅಂದೆ. ಹಾಗೆ ಬರೆಸಿದವರು ಈಗ ಕೋರ್ಟಿನಲ್ಲಿದ್ದಾರೆ. ಚಿಕ್ಕತ್ತೆ ಎಂಟು ತಿಂಗಳು ಸಹಿ ಹಾಕಲಿಲ್ಲ. ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ದುಡ್ಡು ಕೊಟ್ಟಲ್ಲ, ಅಷ್ಟು ಮಾತ್ರ ಹೇಳ್ತೀನಿ. ಆಮೇಲೆ 11ಇ ನಕ್ಷೆ (ನೋಂದಣಿಗೆ ಮೊದಲು ಸರ್ವೆಯವರು ಪಾಲು ಗುರುತಿಸಿ ಕೊಡುವ ನಕ್ಷೆ), ಪಾಲುಪತ್ರ ನೋಂದಣಿ, ಮ್ಯುಟೇಶನ್ (ದಾಖಲೆಯಲ್ಲಿ ಹಕ್ಕು ಬದಲಾವಣೆ), ನನ್ನ ಪಾಲಿಗೆ ಹೊಸ ಹಿಸ್ಸಾ ನಂಬರು. ಹತ್ತಿರ ಹತ್ತಿರ ಎರಡು ವರ್ಷ. ಪೆಟ್ರೋಲು, ತಿಂಡಿ, ಲೆಕ್ಕಕ್ಕೆ ಬರೆಯಲಾಗದ ಖರ್ಚು ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು.

ಗಡಿ ಗುರುತಿಗೆ ಬಾಂದು ಕಲ್ಲು ನೆಟ್ಟ ವಾರವೇ ಮೂವತ್ತು ಲೋಡು ಕೆರೆ ಮಣ್ಣು ಹೊಡೆಸಿದೆ. ಅಲ್ಲಿಯವರೆಗೆ ಆ ಹೊಲಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕೋಕೂ ಮನಸ್ಸು ಬರುತ್ತಿರಲಿಲ್ಲ. ನಾಳೆ ಯಾರ ಪಾಲಿಗೋ ಏನೋ! ತೆಂಗಿನ ಸಸಿ ಅಂದರೆ ಫಸಲಿಗೆ ಐದಾರು ವರ್ಷ ಕಾಯಬೇಕು, ಅನುಮಾನದ ಮಣ್ಣಿನಲ್ಲಿ ಯಾರು ನೆಡ್ತಾರೆ? ಅದೇ ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಸಾಲ ಆಯಿತು. ಬೋರಿನಲ್ಲಿ ಎರಡು ಇಂಚು ನೀರು. ಹನಿ ನೀರಾವರಿಗೆ ಆಗ ಶೇ. 90 ಸಬ್ಸಿಡಿ ಸಿಕ್ಕಿತು. ಒಂಟಿ ಪಹಣಿ ಇದ್ದದ್ದಕ್ಕೆ ಆ ಅರ್ಜಿಗೆ ಯಾರ ಸಹಿಗೂ ಓಡಾಡಲಿಲ್ಲ.

ಹುರುಪಿನಲ್ಲಿ ಬದುವಿನ ಮೇಲೆ ಹೆಬ್ಬೇವು ನೆಟ್ಟೆ. ನೆರಳು ಪಕ್ಕದವರ ರಾಗಿಗೆ ಬಿತ್ತು. ಮೂರೇ ವರ್ಷಕ್ಕೆ ಕಡಿಸಿದೆ. ಈಗ ಅಲ್ಲಿ ನುಗ್ಗೆ ಇದೆ, ಸಂತೆ ಖರ್ಚು ಅದರಲ್ಲೇ ಹುಟ್ಟುತ್ತೆ.

ಹೋದ ವರ್ಷ ದಲ್ಲಾಳಿ ಬಂದಿದ್ದ. ಪಕ್ಕದ ಜಂಟಿ ಪಹಣಿ ಜಮೀನಿಗೆ ಎಕರೆಗೆ ಹದಿನಾಲ್ಕು ಲಕ್ಷ ಅಂದ, ನನ್ನದಕ್ಕೆ ಇಪ್ಪತ್ತು. ಮಣ್ಣು ಒಂದೇ. ನೀರಿಗೆ ಅಂತ ಎರಡು ಮೂರು ಲಕ್ಷ ಕಳೆದರೂ ಉಳಿದದ್ದು ಕಾಗದದ ಬೆಲೆ, ಅಲ್ವಾ?

ಮಾರಲ್ಲ ಅಂದೆ. ಮಾರೋಕೆ ಹೊರಟರೂ ಮೊದಲು ಬ್ಯಾಂಕಿನದು ತೀರಿಸಬೇಕು. 9ನೇ ಕಾಲಂನಲ್ಲಿ ಈಗ ನನ್ನದೊಂದೇ ಹೆಸರು, ಸಾಲ-ಋಣ ಬರೆಯುವ 11ನೇ ಕಾಲಂನಲ್ಲಿ ಬ್ಯಾಂಕಿನದು. ಇನ್ನೆರಡು ಕಂತು ಬಾಕಿ.