ಸೋರ್ಸ್ ಕೈಗೆ ಕೊಟ್ಟು ಮಂಡಿ ತಂತ್ರಾಂಶ ಮಾರಿದ ನನ್ನ ಅನುಭವ

"ಸೋರ್ಸ್ ಕೊಟ್ಟುಬಿಟ್ಟರೆ ನಾಳೆ ನಿನ್ನ ಯಾರು ಕರೀತಾರೋ?" ಐದು ವರ್ಷದ ಹಿಂದೆ ನಮ್ಮ ಭಾವ ಕೇಳಿದ ಮಾತು ಇದು. ಸೋರ್ಸ್ ಅಂದರೆ ತಂತ್ರಾಂಶದ ಮೂಲ ಕೋಡ್, ಅದು ಕೈಯಲ್ಲಿದ್ದರೆ ಕೆಲಸ ಗೊತ್ತಿರೋ ಯಾರು ಬೇಕಾದರೂ ತಿದ್ದಬಹುದು. ಅವರದು ಕಂಪ್ಯೂಟರ್ ಅಂಗಡಿ, ವ್ಯಾಪಾರ ಗೊತ್ತಿರೋರು, ಹಾಗಾಗಿ ನನಗೂ ಒಳಗೊಳಗೇ ಭಯ ಇತ್ತು. ಈಗ ದಾವಣಗೆರೆ ಎಪಿಎಂಸಿ, ಚನ್ನಗಿರಿ, ಭೀಮಸಮುದ್ರ, ಚಳ್ಳಕೆರೆ ಎಲ್ಲ ಸೇರಿ ಸುಮಾರು 40 ದಲಾಲಿ ಅಂಗಡಿಗಳಲ್ಲಿ ರೈತರ ಮಾಲಿನ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಮಾಡುವ ನನ್ನ ತಂತ್ರಾಂಶ ಓಡುತ್ತಿದೆ. ಪ್ರತಿ ಅಂಗಡಿಯ ಕಪಾಟಿನಲ್ಲೂ ಸೋರ್ಸ್ ಇರುವ ಪೆನ್‌ಡ್ರೈವ್ ಇದೆ. ನಡುವೆ ಬಿಟ್ಟು ಹೋಗಿದ್ದು ಒಂದೇ ಅಂಗಡಿ. ಅದನ್ನು ಆಮೇಲೆ ಹೇಳುತ್ತೇನೆ.

ಶುರುವಾಗಿದ್ದು ಮಂಡಿಪೇಟೆಯ ಒಬ್ಬ ಸಾಹುಕಾರರಿಂದ. ಅವರ ಹಳೆ ತಂತ್ರಾಂಶಕ್ಕೆ ಡಾಂಗಲ್ ಬೀಗ, ಕಂಪ್ಯೂಟರ್‌ಗೆ ಆ ಸಣ್ಣ ಕೀಲಿ ಚುಚ್ಚಿದ್ದರೆ ಮಾತ್ರ ಓಡುವಂಥದ್ದು. ಮೆಕ್ಕೆಜೋಳದ ಸೀಸನ್ ನಡುವೆ ಡಾಂಗಲ್ ಕೆಟ್ಟಿತು, ಮಾಡಿಕೊಟ್ಟವರು ಫೋನ್ ಎತ್ತಲಿಲ್ಲ. ಹೊರಗೆ ಟ್ರಾಕ್ಟರ್ ಸಾಲು, ಒಳಗೆ ಗುಮಾಸ್ತರು ಕೈಯಲ್ಲಿ ಪಟ್ಟಿ ಬರೆಯುತ್ತಿದ್ದರು. ಆರು ವರ್ಷದ ರೈತರ ಖಾತೆ, ಮುಂಗಡ, ಬಾರದಾನ ಎಲ್ಲ ಆ ಪೆಟ್ಟಿಗೆಯೊಳಗೇ ಇತ್ತು, ತೆಗೆಯೋಕೆ ಆಗಲಿಲ್ಲ. ಅವರದೇ ಲೆಕ್ಕ ಅವರಿಗೆ ಸಿಗದಿದ್ದಾಗ ನನಗೆ ಹೊಟ್ಟೆ ಉರಿಯಿತು. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಅನ್ನುವ ಆಪರೇಟಿಂಗ್ ಸಿಸ್ಟಂ ಕೆಲಸ ಸಾರಿದಾಗಿನಿಂದ ಹೇಳುತ್ತಾ ಬಂದ, ಬಳಸುವವರೇ ತಂತ್ರಾಂಶ ನೋಡಿ ತಿದ್ದಿ ಹಂಚುವ ಸ್ವಾತಂತ್ರ್ಯದ ಮಾತು ನಾನು ಹಿಂದೆಯೇ ಓದಿದ್ದೆ, ಆದರೆ ತಲೆಗೆ ಹೋಗಿದ್ದು ಆ ದಿನ ಅವರ ಗಾದಿ ಮೇಲೆ ಕೂತಾಗ.

ಮೊದಲ ಏಟು ಲೈಸೆನ್ಸ್‌ನಲ್ಲೇ ಬಿತ್ತು. ಪೈಥಾನ್ ಭಾಷೆ, ಪರದೆಯ ಕಿಟಕಿ-ಬಟನ್ ಮಾಡುವ ಪೈಕ್ಯೂಟಿ, ಲೆಕ್ಕ ಕೂಡಿಡುವ ಎಸ್‌ಕ್ಯೂಲೈಟ್ ಇಟ್ಟುಕೊಂಡು ಬರೆದೆ, ಮೇಲೆ ಎಂಐಟಿ ಲೈಸೆನ್ಸ್ ಹಾಕಿದೆ, ಬರೆದವರ ಹೆಸರು, ಷರತ್ತಿನ ಸಾಲು ಉಳಿಸಿಕೊಂಡರೆ ಯಾರು ಏನು ಬೇಕಾದರೂ ಮಾಡಬಹುದು ಅನ್ನುವಂಥದ್ದು. ಚಿಕ್ಕದು, ಎಲ್ಲರೂ ಹಾಕ್ತಾರೆ ಅಂತ ಸುಮ್ನೆ ಹಾಕಿದ್ದು. ಒಂದೂವರೆ ವರ್ಷದಲ್ಲಿ ಪಕ್ಕದ ಜಿಲ್ಲೆಯಲ್ಲಿ ಯಾರೋ ಅದನ್ನೇ ತಗೊಂಡು, ಬಣ್ಣ ಬದಲಿಸಿ, ಬೀಗ ಹಾಕಿ, ಸುಮಾರು 18 ಸಾವಿರಕ್ಕೆ ಮಾರುತ್ತಿದ್ದರು. ಸಹಾಯದ ಪುಟದ ತಳದಲ್ಲಿ ನನ್ನ ಹೆಸರು, ಷರತ್ತಿನ ಸಾಲುಗಳು ಇದ್ದವು. ಎಂಐಟಿ ಕೇಳೋದು ಅಷ್ಟೇ ಅಲ್ವಾ? ಬೀಗ ಬೇಡ ಅಂತ ಬರೆದ ತಂತ್ರಾಂಶಕ್ಕೇ ಬೀಗ ಬಿದ್ದಿತ್ತು, ನಾನು ಬಾಯಿ ತೆರೆಯುವ ಹಾಗಿರಲಿಲ್ಲ.

ಆಮೇಲೆ ಇನ್ನೊಂದು ಗೊತ್ತಾಯಿತು. ಪೈಕ್ಯೂಟಿ ಜಿಪಿಎಲ್‌ನಲ್ಲಿದೆ, ಅಂದರೆ ತಂತ್ರಾಂಶ ಪಡೆದವರಿಗೆ ಸೋರ್ಸ್ ಸಿಗಬೇಕು, ಅವರೂ ತಿದ್ದಿ ಹಂಚಬಹುದು ಅನ್ನುವ ಲೈಸೆನ್ಸ್. ಅದು ಬೇಡ ಅಂದರೆ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ತಗೋಬೇಕು. ಅದನ್ನು ಸೇರಿಸಿ ಹಂಚಿದರೆ ಇಡೀ ತಂತ್ರಾಂಶಕ್ಕೆ ಜಿಪಿಎಲ್ ಷರತ್ತು ಬರುತ್ತದೆ. ಬೀಗ ಹಾಕಿದವರು ಆ ಲೆಕ್ಕದಲ್ಲಿ ತಪ್ಪು ಮಾಡಿದ್ದರು, ಆದರೆ ಕೇಳುವ ಹಕ್ಕು ಪೈಕ್ಯೂಟಿ ಬರೆದವರದು. ಅದೇ ಕೆಲಸ ಮಾಡುವ ಪೈಸೈಡ್‌ಗೆ ಹೋಗಬಹುದಿತ್ತು, ಅದು ಎಲ್‌ಜಿಪಿಎಲ್, ಇಡೀ ತಂತ್ರಾಂಶಕ್ಕೆ ಷರತ್ತು ಹಾಕದ ಸಡಿಲ ಲೈಸೆನ್ಸ್. ಹೋಗಲಿಲ್ಲ, ನೇರ ಜಿಪಿಎಲ್ 3 ಹಾಕಿದೆ. ಅಷ್ಟೊತ್ತಿಗೆ ಹೊರಗೆ ಹೋಗಿದ್ದ ನನ್ನ ಕೋಡ್ ಎಂಐಟಿಯಲ್ಲೇ ಉಳಿಯಿತು, ಕೊಟ್ಟಿದ್ದನ್ನು ವಾಪಸ್ ಕೇಳೋಕಾಗಲ್ಲ.

ದುಡ್ಡಿನ ವಿಷಯ. ಜಿಪಿಎಲ್ ಅಂದರೆ ಪುಕ್ಕಟೆ ಕೊಡಬೇಕು ಅಂತ ನಮ್ಮ ಕಡೆ ಇನ್ನೂ ತುಂಬಾ ಜನ ನಂಬಿದ್ದಾರೆ. ಎಷ್ಟಕ್ಕೆ ಬೇಕಾದರೂ ಮಾರಬಹುದು. ಪ್ರೋಗ್ರಾಂ ಯಾರಿಗೆ ಕೊಟ್ಟೆವೋ ಅವರಿಗೆ ಸೋರ್ಸ್ ಕೊಟ್ಟರೆ ಆಯಿತು, ಊರಿಗೆಲ್ಲ ಹಂಚಬೇಕಿಲ್ಲ. ನಾನು ಹಾಕಿಕೊಡೋಕೆ 5 ಸಾವಿರ ತಗೋತೀನಿ, ವರ್ಷದ ಸರ್ವಿಸ್‌ಗೆ ಆರೂವರೆ ಸಾವಿರ. ಮೊದಲ ವರ್ಷ ಏಳೋ ಎಂಟೋ ಅಂಗಡಿ, ಓಡಾಟದ ಖರ್ಚು ಕಳೆದು 30 ಸಾವಿರದ ಆಸುಪಾಸು ಉಳಿಯಿತು. ಮನೆಯಲ್ಲಿ ಜಗಳವೇ ಆಯಿತು. ಎರಡನೇ ವರ್ಷ ಹೆದರಿ ಬೆಲೆ ಇಳಿಸಿದೆ, ಅದು ಇನ್ನೂ ದೊಡ್ಡ ತಪ್ಪು. ಕಡಿಮೆ ಕೊಟ್ಟವರದೇ ಫೋನ್ ಜಾಸ್ತಿ. ಮತ್ತೆ ಏರಿಸಿದೆ, ಯಾರೂ ಗೊಣಗಲಿಲ್ಲ. ಕಳೆದ ವರ್ಷ ಸರ್ವಿಸ್ ಒಂದರಿಂದಲೇ ಎರಡೂವರೆ ಲಕ್ಷ ದಾಟಿತು.

ಹಳೆ ತಂತ್ರಾಂಶದ ಫೈಲಿನಿಂದ ಸಾಹುಕಾರರ ಲೆಕ್ಕ ಹೊರಗೆ ಎತ್ತುವ ಸಣ್ಣ ಟೂಲ್ ಒಂದು ನನ್ನ ಹತ್ತಿರ ಇದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಹೊಸ ಅಂಗಡಿಗಳು ಸಿಗುವುದೇ ಅದರಿಂದ. ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸುತ್ತೇನೆ, ಯಾರಿಗೂ ಕೊಟ್ಟಿಲ್ಲ, ಹಂಚದೆ ಇರುವ ಪ್ರೋಗ್ರಾಂನ ಸೋರ್ಸ್ ಜಿಪಿಎಲ್ ಕೇಳುವುದಿಲ್ಲ.

ನಡುವೆ ಒಂದು ಬೆಣ್ಣೆದೋಸೆ ಹೋಟೆಲಿಗೆ ಕನ್ನಡ ಟೋಕನ್ ಮಾಡಿಕೊಡೋಕೆ ಹೋಗಿದ್ದೆ. ಅವರ ಥರ್ಮಲ್ ಪ್ರಿಂಟರ್‌ಗೆ ಕನ್ನಡ ಬರಲ್ಲ, ಒತ್ತಕ್ಷರ ಎಲ್ಲ ಚೂರುಚೂರು. ಸಾಲನ್ನೇ ಚಿತ್ರ ಮಾಡಿ ಕಳಿಸಿದೆ, ಎರಡಿಂಚಿನ ರೋಲ್‌ನಲ್ಲಿ ಅಡ್ಡಕ್ಕೆ 384 ಚುಕ್ಕೆ. ಫಾಂಟ್ ನೋಟೊ ಸಾನ್ಸ್ ಕನ್ನಡ, ಅದಕ್ಕೆ ಓಎಫ್‌ಎಲ್ ಅನ್ನುವ ಫಾಂಟ್‌ಗಳ ಮುಕ್ತ ಲೈಸೆನ್ಸ್: ತಂತ್ರಾಂಶದ ಜೊತೆ ಸೇರಿಸಿ ಮಾರಬಹುದು, ಫಾಂಟ್ ಒಂದನ್ನೇ ಮಾರುವ ಹಾಗಿಲ್ಲ. ಅಕ್ಷರ ಮುದ್ದಾಗಿ ಬಂತು. ಆದರೆ ಭಾನುವಾರ ಬೆಳಿಗ್ಗೆ ಜನ ನುಗ್ಗಿದಾಗ ಒಂದು ಟೋಕನ್‌ಗೆ ನಾಲ್ಕು ಸೆಕೆಂಡ್. "ಬ್ಯಾಡ ತಮ್ಮಾ, ಹಳೆ ಬಿಲ್ಲೆನೇ ಚಲೋ" ಅಂದರು ಮಾಲೀಕರು. ಆರೇಳು ಸಾವಿರ ಹೋಯಿತು. ಅದೇ ಕೋಡ್ ಈಗ ಮಂಡಿ ಪಟ್ಟಿಯಲ್ಲಿದೆ, ರೈತರ ಹೆಸರು, ಊರು ಕನ್ನಡದಲ್ಲೇ ಬರುತ್ತದೆ. ವೇಗ ಹೇಗೆ ಬಂತು ಅನ್ನೋದು ಸೋರ್ಸ್‌ನಲ್ಲೇ ಇದೆ.

ಬಿಟ್ಟು ಹೋಗಿದ್ದು ಚಳ್ಳಕೆರೆಯ ಶೇಂಗಾ ಮಂಡಿ. ಅವರ ಅಳಿಯನ ಗೆಳೆಯ ಕಡಿಮೆಗೆ ಸರ್ವಿಸ್ ಮಾಡ್ತೀನಿ ಅಂದ. ಸೋರ್ಸ್ ಅವರ ಹತ್ತಿರ ಇತ್ತು, ಬದಲಿಸುವ ಹಕ್ಕೂ ಇತ್ತು. ನಾನೇ ಹೋಗಿ ಪಾಸ್‌ವರ್ಡ್ ಎಲ್ಲ ಬರೆದುಕೊಟ್ಟು ಬಂದೆ. "ನಾ ಹೇಳಿರಲಿಲ್ವಾ?" ಅಂದರು ಭಾವ. ಮುಂದಿನ ಸೀಸನ್‌ಗೆ ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಸಾಹುಕಾರರು ನನಗೆ ಫೋನ್ ಮಾಡಿದರು. ಹೋಗಿ ನೋಡಿದರೆ ಹುಡುಗ ಒಳ್ಳೆ ಕೆಲಸ ಮಾಡಿದ್ದ. ಒಬ್ಬ ರೈತನ ನಾಲ್ಕು ಲಾಟ್ ನಾಲ್ಕು ದರಕ್ಕೆ ಹೋದರೂ ಒಂದೇ ಪಟ್ಟಿಯಲ್ಲಿ ಬರುತ್ತಿತ್ತು, ನಾನು ಎರಡು ವರ್ಷ ತಿಣುಕಿದರೂ ಸರಿ ಬಂದಿರಲಿಲ್ಲ. ಬದಲಿಸಿದ ಸೋರ್ಸ್ ಜಿಪಿಎಲ್ ಪ್ರಕಾರ ಸಾಹುಕಾರರ ಕೈಯಲ್ಲೇ ಇತ್ತು. ನನಗೆ ಕೊಡಲೇಬೇಕು ಅಂತ ಏನಿಲ್ಲ, ಆದರೂ ಪೆನ್‌ಡ್ರೈವ್ ಮೇಜಿನ ಮೇಲಿಟ್ಟು "ತಗೋಳಪ್ಪಾ" ಅಂದರು. ಹುಡುಗನ ಹೆಸರನ್ನು ಫೈಲಿನ ತಲೆಯಲ್ಲಿ ಹಾಗೇ ಬಿಟ್ಟು ಸೇರಿಸಿಕೊಂಡೆ. ದೀಪಾವಳಿಗೆ ಮುಂಚೆ ಎಲ್ಲ ಅಂಗಡಿಗಳಿಗೂ ಅದನ್ನೇ ಹಾಕಿದೆ.